ತೋಟದ ಜೇಬಿಗೆ ಒಂದೇ ಅಲಗಿನ ಮಡಚುಕತ್ತಿ: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ, ತೆಂಗು, ನಡುವೆ ಕರಿಮೆಣಸು. ತೋಟಕ್ಕೆ ಇಳಿದರೆ ಕತ್ತಿ ಬೇಡುವ ಸಣ್ಣ ಕೆಲಸ ಒಂದಲ್ಲ ಒಂದು ಇದ್ದೇ ಇರುತ್ತದೆ. ಗೊಬ್ಬರದ ಗೋಣಿಯ ಹೊಲಿಗೆ ಬಿಚ್ಚಬೇಕು. ಮೆಣಸಿನ ಬಳ್ಳಿ ಕಟ್ಟಲು ಬಾಳೆನಾರು ಸೀಳಬೇಕು. ಡ್ರಿಪ್ ಪೈಪ್ ನೇರವಾಗಿ ಕತ್ತರಿಸಬೇಕು, ಓರೆಯಾದರೆ ಜೋಡಿಸಿದಲ್ಲಿ ನೀರು ಸೋರುತ್ತದೆ. ಇದಕ್ಕೆಲ್ಲ ದೊಡ್ಡ ಕತ್ತಿ ಜಾಸ್ತಿಯಾಯಿತು. ಅಡುಗೆಮನೆಯ ಪೀಶಕತ್ತಿ ಜೇಬಿಗೆ ಹಾಕುವಂಥದ್ದಲ್ಲ. ಮಡಚುಕತ್ತಿಯೇ ಆಗಬೇಕು.

ಅಲಗು ಒಂದೇ ಸಾಕು. ಕತ್ತರಿ, ಸ್ಕ್ರೂಡ್ರೈವರ್, ಬಾಟಲಿ ಓಪನರ್ ಎಲ್ಲ ಸೇರಿದ್ದು ಪ್ರಯಾಣಕ್ಕೆ ಒಳ್ಳೆಯದೇ. ಆದರೆ ತೋಟದ ಮಣ್ಣು, ಹಲಸಿನ ಮೇಣ ಅಷ್ಟೂ ಸಂದಿಗೆ ಹೊಕ್ಕರೆ ತೆಗೆಯುವುದೇ ದೊಡ್ಡ ಕೆಲಸ. ಒಂದೇ ಅಲಗಾದರೆ ಹಿಡಿ ತೆಳ್ಳಗೆ, ತೊಳೆಯುವುದು ಸುಲಭ. ಕೈ ಒದ್ದೆಯಿದ್ದಾಗ ಬೇರೇನೋ ತೆರೆದುಕೊಳ್ಳುವುದೂ ಇಲ್ಲ.

ಕತ್ತಿ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಸ್ಟೀಲ್ ಅಂತ. ನಾನು ಮೊದಲು ನೋಡುವುದು ಕೀಲು. ಅಲಗು ಮೊಂಡಾದರೆ ಮಸೆಯಬಹುದು. ಕೀಲು ಸಡಿಲವಾದರೆ ಮನೆಯಲ್ಲಿ ಸರಿ ಮಾಡುವುದು ಕಷ್ಟ. ಅದರಲ್ಲೂ ರಿವೆಟ್ ಹೊಡೆದದ್ದಾದರೆ ಬಿಗಿ ಮಾಡಲು ಸ್ಕ್ರೂ ಕೂಡ ಇರುವುದಿಲ್ಲ.

ಕೀಲು ನೋಡುವುದಕ್ಕೆ ದೊಡ್ಡ ವಿದ್ಯೆ ಬೇಡ. ಕತ್ತಿ ತೆರೆದು, ಅಲಗಿನ ಬೆನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಆಮೇಲೆ ಮೇಲೆ ಕೆಳಗೆ. ಎಲ್ಲೂ ಲೊಡಲೊಡ ಅನ್ನಬಾರದು. ಅಲಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇದ್ದರೆ ಬೆಳಕಿಗೆ ಹಿಡಿದು ನೋಡಿ. ಹಿಡಿಯ ಬೆನ್ನಿನಲ್ಲಿ ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಬೆಳಕು ತೂರಿ ಬಂದರೆ ಕೂಡಿಸಿದ್ದು ಸಡಿಲ ಅಂತಲೇ ಅರ್ಥ. ಮಡಚಿದಾಗ ಅಲಗು ನಡುವೆ ಕೂರಬೇಕು, ಒಂದು ಬದಿಗೆ ಒರಗಿ ತಗಡನ್ನು ಉಜ್ಜಬಾರದು. ಇನ್ನೊಂದು ವಿಷಯ ಹೆಚ್ಚಿನವರು ನೋಡುವುದಿಲ್ಲ. ಕೆಲವು ಕತ್ತಿಗಳಲ್ಲಿ ಮಡಚಿದಾಗ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಹೋಗಿ ಬಡಿಯುತ್ತದೆ. ಎಷ್ಟು ಮಸೆದರೂ ಆ ಒಂದು ಜಾಗ ಮೊಂಡಾಗುತ್ತಲೇ ಇರುತ್ತದೆ. ಬೆಳಕಿನಲ್ಲಿ ಬಾಯಿಯನ್ನು ನೇರಕ್ಕೆ ಹಿಡಿದರೆ ಅಲ್ಲಿ ಮಾತ್ರ ಒಂದು ಬಿಳಿ ಚುಕ್ಕಿ ಮಿನುಗುತ್ತದೆ. ಚೂಪಾದ ಬಾಯಿ ಹಾಗೆ ಮಿನುಗುವುದಿಲ್ಲ.

ಸ್ಪ್ರಿಂಗ್ ಬಿಗಿ ಇದ್ದಷ್ಟೂ ಒಳ್ಳೆಯದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉಗುರು ಹಾಕಿ ಎಳೆಯುವ ಕತ್ತಿ ಇದು. ಮಳೆಗಾಲದಲ್ಲಿ ನೆಂದು ಮೆತ್ತಗಾದ ಉಗುರು ಆ ಬಿಗಿಗೆ ಜಾರುತ್ತದೆ. ಒದ್ದೆ ಕೈಯಲ್ಲಿ ತೆರೆಯಲು ಆಗಬೇಕು, ತಾನಾಗಿ ತೆರೆಯಬಾರದು. ಅಷ್ಟಿದ್ದರೆ ಸಾಕು.

ಹಳೆಯ ಮಾದರಿಯ ಈ ಸ್ಪ್ರಿಂಗ್ ಕತ್ತಿಗೆ ಲಾಕ್ ಇರುವುದಿಲ್ಲ. ಸ್ಪ್ರಿಂಗಿನ ಒತ್ತಡವೇ ಅಲಗನ್ನು ನಿಲ್ಲಿಸುವುದು. ಆದ್ದರಿಂದ ಚುಚ್ಚುವ ಕೆಲಸ ಇದರಿಂದ ಬೇಡವೇ ಬೇಡ. ತೆಂಗಿನಕಾಯಿಯ ಕಣ್ಣು ತೂತು ಮಾಡಲು ಹೋದರೆ ಅಲಗು ಮಡಚಿ ಬೆರಳಿಗೇ ಬರುತ್ತದೆ.

ಲಾಕ್ ಬೇಕು ಅನ್ನುವವರಿಗೆ ಫ್ರಾನ್ಸಿನ ಒಪಿನೆಲ್ ಇದೆ. ಸವೊಯ್ ಎಂಬ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಕತ್ತಿ. ಹಿಡಿಯ ಕುತ್ತಿಗೆಯ ಹತ್ತಿರ ತಿರುಗಿಸುವ ಬಳೆ 1955ರಲ್ಲಿ ಬಂತು. ಬಳೆ ತಿರುಗಿಸಿದರೆ ಅಲಗು ಅಲ್ಲೇ ನಿಲ್ಲುತ್ತದೆ. 8ನೇ ನಂಬರಿನದ್ದಕ್ಕೆ ಎಂಟೂವರೆ ಸೆಂಟಿಮೀಟರ್ ಅಲಗು, ದಿನದ ಕೆಲಸಕ್ಕೆ ಹದವಾದ ಉದ್ದ. ಅಲಗು ತೆಳು, ಹಣ್ಣು ಕೊಯ್ಯಲು ಇಷ್ಟು ಚೆಂದದ ಕತ್ತಿ ಕಡಿಮೆ. ನನಗೆ ತುಂಬಾ ಇಷ್ಟ.

ಆದರೆ ಅದರ ಹಿಡಿ ಸಾಮಾನ್ಯವಾಗಿ ಬೀಚ್ ಎಂಬ ಮರದ್ದು. ಮರ ನೀರು ಕುಡಿದರೆ ಊದುತ್ತದೆ, ಊದಿದರೆ ಅಲಗು ಹಿಡಿಯೊಳಗೆ ಕಚ್ಚಿಕೊಳ್ಳುತ್ತದೆ. ಅದು ಮರದ ಗುಣ. ಸವೊಯ್ ಜನ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಕುಟ್ಟುತ್ತಾರೆ, ಅಲಗು ಸ್ವಲ್ಪ ಹೊರಗೆ ಬರುತ್ತದೆ, ಆಮೇಲೆ ಎಳೆಯುತ್ತಾರೆ. ಅಲ್ಲಿಗೆ ಅದು ಸಾಕಾಗಬಹುದು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಜೇಬಿನ ಕತ್ತಿ ಒಣಗುವುದು ಎಲ್ಲಿಂದ? ಕೀಲಿನ ಮರಕ್ಕೆ ವ್ಯಾಸಲೀನ್ ಹಚ್ಚಿ, ಅದು ಕರಗಿ ಒಳಗೆ ಇಳಿಯುವಷ್ಟು ಬಿಸಿಲಿಗಿಟ್ಟರೆ ತಕ್ಕಮಟ್ಟಿಗೆ ತಡೆಯುತ್ತದೆ. ಬೇಸಿಗೆಯಲ್ಲೇ ಮಾಡಿಡಬೇಕು.

ಈಗ ಸ್ಟೀಲಿನ ಮಾತು. ಒಪಿನೆಲ್ ಎರಡು ಬಗೆಯಲ್ಲಿ ಬರುತ್ತದೆ, ಕಾರ್ಬನ್ ಮತ್ತು ಸ್ಟೇನ್‌ಲೆಸ್. ಕಾರ್ಬನ್ ಬೇಗ ಚೂಪಾಗುತ್ತದೆ, ಮಸೆಯಲು ಹಿತ. ಆದರೆ ಎಳೆ ಅಡಿಕೆ ಒಂದನ್ನು ಸೀಳಿ, ಒರೆಸದೆ ಸ್ವಲ್ಪ ಹೊತ್ತು ಇಟ್ಟು ನೋಡಿ. ಅಲಗಿನ ಮೇಲೆ ಮೊದಲು ನೀಲಿ, ಆಮೇಲೆ ಕಪ್ಪು ಕಲೆ ಹರಡುತ್ತದೆ. ಅಡಿಕೆಯ ಚೊಗರು ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದು ಇದೇ ಗುಣದಿಂದ. ಈ ಕಪ್ಪಿನಿಂದ ಅಲಗಿಗೆ ತೊಂದರೆಯಿಲ್ಲ, ತುಕ್ಕನ್ನು ಸ್ವಲ್ಪ ತಡೆಯುತ್ತದೆ ಕೂಡ. ಆದರೆ ಅದೇ ಕತ್ತಿಯಲ್ಲಿ ಮಾವಿನಕಾಯಿ ಕೊಯ್ದರೆ ಹೋಳಿಗೆ ಕಬ್ಬಿಣದ ರುಚಿ ಹತ್ತುತ್ತದೆ. ಕೆಂಪು ತುಕ್ಕು ಬೇರೆ. ಅದು ಅಲಗನ್ನೇ ತಿನ್ನುತ್ತದೆ, ಮಳೆಗಾಲದಲ್ಲಿ ಒಂದು ರಾತ್ರಿ ಸಾಕು. ಸ್ಟೇನ್‌ಲೆಸ್‌ನಲ್ಲಿ ಶೇಕಡಾ 13ಕ್ಕಿಂತ ಜಾಸ್ತಿ ಕ್ರೋಮಿಯಂ ಇರುತ್ತದೆ, ಈ ಎರಡು ಕಾಟವೂ ಕಡಿಮೆ.

ಹಾಗಂತ ಕಾರ್ಬನ್ ಅಲಗನ್ನು ನಾನು ಬಿಟ್ಟಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಅದು ಬೇಕೇ ಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಲವಣ), ಒಂದು ಕಿಲೋ ಸುಣ್ಣ. ಸುಣ್ಣದ ಗುಣ ಕಡಿಮೆಯಿದ್ದರೆ ತಾಮ್ರ ದ್ರಾವಣದಲ್ಲಿ ಹಾಗೆಯೇ ಉಳಿದು ಗೊನೆಯನ್ನು ಸುಡುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಅಲಗನ್ನು ದ್ರಾವಣಕ್ಕೆ ಅದ್ದಿ ಒಂದು ನಿಮಿಷ ಹಿಡಿಯಬೇಕು. ತೆಗೆದಾಗ ಅಲಗಿನ ಮೇಲೆ ಕೆಂಪು ಪೊರೆ ಕಂಡರೆ ಅದು ತಾಮ್ರ, ಇನ್ನೂ ಸುಣ್ಣ ಹಾಕಬೇಕು. ಹೊಳಪು ಹಾಗೆಯೇ ಇದ್ದರೆ ಮರಕ್ಕೆ ಹೊಡೆಯಬಹುದು. ಸ್ಟೇನ್‌ಲೆಸ್ ಅಲಗನ್ನು ನಂಬಿ ಈ ಪರೀಕ್ಷೆ ಮಾಡಬೇಡಿ, ತಾಮ್ರವಿದ್ದರೂ ಕೂರದೇ ಹೋಗಬಹುದು. ಇದಕ್ಕೆ ಬಳಸುವ ಕತ್ತಿ ಕೊಟ್ಟಿಗೆಯಲ್ಲೇ ಇರಲಿ. ಅದರಲ್ಲಿ ಹಣ್ಣು ಕೊಯ್ಯುವುದು ಬೇಡ.

ಜೇಬಿಗೆ ನಾನು ಕೊನೆಗೆ ಆಯ್ದದ್ದು ಅಮೆರಿಕದ ಕೇಸ್ ಕಂಪೆನಿಯ ಸಾಡ್‌ಬಸ್ಟರ್ ಜೂನಿಯರ್, ಸ್ಟೇನ್‌ಲೆಸ್ ಅಲಗಿನದ್ದು. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನಲ್ಲಿ ಮಾಡುತ್ತಾರೆ. ರೈತರ ಕೆಲಸಕ್ಕೆಂದೇ ಬಂದ ಆಕಾರ. ಮಡಚಿದಾಗ ಒಂಬತ್ತು ಸೆಂಟಿಮೀಟರಿನ ಸ್ವಲ್ಪ ಮೇಲೆ. ಹೊಟ್ಟೆ ಅಗಲದ ಒಂದೇ ಅಲಗು, ಬಲವಾದ ಸ್ಪ್ರಿಂಗ್, ಅಲಂಕಾರ ಏನೂ ಇಲ್ಲ. ಹಿಡಿ ಹಳದಿ ಪ್ಲಾಸ್ಟಿಕ್. ಜಿಂಕೆ ಕೊಂಬು, ಎಲುಬು, ಒಳ್ಳೆಯ ಮರ ಇವೆಲ್ಲ ನೋಡಲು ಚೆಂದ, ಅಲ್ವಾ? ಆದರೆ ನಮ್ಮ ಮಳೆಗೆ ಈ ಪ್ಲಾಸ್ಟಿಕ್ ಹಿಡಿ ಊದುವುದಿಲ್ಲ, ಬಿರಿಯುವುದಿಲ್ಲ. ಸೋಗೆ, ಹಾಳೆ, ತರಗೆಲೆ ನಡುವೆ ಕೈಜಾರಿ ಬಿದ್ದರೆ ಹಳದಿ ತಟ್ಟನೆ ಕಣ್ಣಿಗೆ ಬೀಳುತ್ತದೆ. ಮರದ ಬಣ್ಣದ್ದಾದರೆ ಹುಡುಕಿ ಸುಸ್ತು. ದೂರದಿಂದ ಬರುವವರ ಹತ್ತಿರ ಕತ್ತಿ ತರಿಸುವುದಾದರೆ ಚೆಕ್-ಇನ್ ಬ್ಯಾಗಿಗೇ ಹಾಕಲು ಹೇಳಿ. ವಿಮಾನದೊಳಗೆ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ.

ಮಸೆಯಲು 1000 ಗ್ರಿಟ್‌ನ (ಗ್ರಿಟ್ ಅಂದರೆ ಕಲ್ಲಿನ ನಯದ ಅಳತೆ) ಒಂದು ಕಲ್ಲು ಸಾಕು. ಪ್ರತಿ ಬದಿಗೆ 20 ಡಿಗ್ರಿ ಓರೆ, ನಿಧಾನ, ಹಗುರ ಕೈ. ಪೂರ್ತಿ ಮೊಂಡಾಗುವವರೆಗೆ ಕಾಯದೆ ಆಗಾಗ ನಾಲ್ಕು ಸಲ ಎಳೆದರೆ ಕೆಲಸ ಬೇಗ ಮುಗಿಯುತ್ತದೆ. ಪೇಟೆಯ ತಿರುಗುವ ಸಾಣೆಗೆ ಮಾತ್ರ ಕೊಡಬೇಡಿ. ಕಿಡಿ ಹಾರುವಷ್ಟು ಒತ್ತಿದರೆ ಬಾಯಿ ಕಾದು ಹದ ಹೋಗುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಹಲಸಿನ ಮೇಣಕ್ಕೆ ನೀರು, ಸಾಬೂನು ಏನೂ ನಾಟುವುದಿಲ್ಲ. ಕೊಯ್ಯುವ ಮೊದಲೇ ಅಲಗಿಗೆ ತೆಂಗಿನೆಣ್ಣೆ ಸವರಿ. ಹಿಡಿದ ಮೇಣವನ್ನೂ ಎಣ್ಣೆ ಬಟ್ಟೆಯಲ್ಲೇ ಒರೆಸಿ. ಅದು ಕೀಲಿಗೆ ಇಳಿದಿದ್ದರೆ ಎಣ್ಣೆ ಬಿಟ್ಟು ಹತ್ತಾರು ಸಲ ತೆರೆದು ಮಡಚಿ, ಹೊರಬಂದ ಕಪ್ಪನ್ನು ಒರೆಸಿ, ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಕೀಲಿಗೆ ಬಿಡಿ.