ಕಾರ್ನ್‌ಫ್ಲೋರ್ ಬೇಡ, ಬೇಳೆ ಸಾಕು: ಮನೆಮಂದಿಗೆಲ್ಲ ಒಂದು ಪಾತ್ರೆ ಸೂಪ್

ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು ಭಾನುವಾರ ಮಾತ್ರ. ಉಳಿದ ದಿನ ಮಗಳಿಗೆ ಏಳಕ್ಕೇ ಹಸಿವು. ಅತ್ತೆಗೆ ಎಂಟಕ್ಕೆ ಊಟ ಮುಗಿದಿರಬೇಕು. ಇವರು ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಮೂರು ಪಾಳಿಯಲ್ಲಿ ಚಪಾತಿ ಬೇಯಿಸಿ ಸಾಕಾಗಿ, ಕಳೆದ ಮಳೆಗಾಲದಲ್ಲಿ ಒಂದು ದಿನ ದೊಡ್ಡ ಪಾತ್ರೆ ತುಂಬ ಗಟ್ಟಿ ಸೂಪ್ ಮಾಡಿಟ್ಟೆ. ಬಂದವರು ಬಂದ ಹಾಗೆ ಬಿಸಿ ಮಾಡಿಕೊಂಡರು, ಬ್ರೆಡ್ ಅದ್ದಿಕೊಂಡು ತಿಂದರು. ಅವತ್ತಿನಿಂದ ವಾರಕ್ಕೆ ಎರಡು ದಿನ ಇದೇ ನಮ್ಮ ರಾತ್ರಿ ಊಟ.

ಹೋಟೆಲ್ಲಿನ ಸೂಪ್ ಲೆಕ್ಕ ಬೇರೆ. ಊಟಕ್ಕೆ ಮುಂಚೆ ಚಿಕ್ಕ ಬಟ್ಟಲಲ್ಲಿ ಬರುತ್ತದೆ, ಬಹಳ ಕಡೆ ಅದು ಗಟ್ಟಿ ಇರುವುದೇ ಕಾರ್ನ್‌ಫ್ಲೋರಿನಿಂದ. ಕುಡಿದು ಅರ್ಧ ಗಂಟೆಗೆ ಹೊಟ್ಟೆ ಮತ್ತೆ ಖಾಲಿ. ಊಟದ ಬದಲಿಗೆ ಸೂಪ್ ಅಂದರೆ ಅದರಲ್ಲಿ ಬೇಳೆಯೋ ಕಾಳೋ ಇರಲೇಬೇಕು. ಇದೇನು ನಮಗೆ ಹೊಸದಲ್ಲ. ಬಸ್ಸಾರಿಗೆ ಬಸಿದ ಕಟ್ಟನ್ನು ಲೋಟಕ್ಕೆ ಹಾಕಿಕೊಂಡು, ಮೇಲೊಂದಿಷ್ಟು ಉಪ್ಪು, ಮೆಣಸಿನಪುಡಿ ಉದುರಿಸಿ, ಅಡುಗೆಮನೆಯಲ್ಲೇ ನಿಂತು ಕುಡಿದವರಿಗೆ ಸೂಪ್ ಏನು ಅಂತ ಗೊತ್ತೇ ಇರುತ್ತದೆ ಅಲ್ವಾ?

ಮೊದಲು ನೀರಿನ ವಿಷಯ

ಬೆಂಗಳೂರಿನಲ್ಲಿ ಬೇಳೆ ಬೇಯುವುದು ಅರ್ಧ ನೀರಿನ ಕೈಯಲ್ಲಿದೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಕಾವೇರಿ ನೀರಿದ್ದಾಗ ಮೂರು ವಿಷಲ್‌ಗೆ ಬೆಣ್ಣೆಯಾಗುತ್ತಿದ್ದ ಬೇಳೆ, ಬೋರ್ ನೀರಿನ ಮನೆಗೆ ಬಂದ ಮೇಲೆ ಐದಾದರೂ ಕಾಳುಕಾಳಾಗಿಯೇ ನಿಂತಿತ್ತು. ಬೇಳೆಯನ್ನೇ ಬೈದುಕೊಂಡು ಎರಡು ಅಂಗಡಿ ಬದಲಾಯಿಸಿದೆ. ಆಮೇಲೆ ಗೊತ್ತಾಯಿತು ತಪ್ಪು ಎಲ್ಲಿ ಅಂತ. ಈಗ ಬೇಳೆಗೆ ಮಾತ್ರ ಕುಡಿಯುವ ಆರ್‌ಒ ನೀರು. ಚಿಟಿಕೆ ಸೋಡಾ ಹಾಕಿದರೂ ಬೇಯುತ್ತದೆ ನಿಜ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ, ಸ್ವಲ್ಪ ಜಾಸ್ತಿಯಾದರೆ ಸೋಪಿನ ರುಚಿ ಬೇರೆ.

ಇನ್ನೊಂದು ವಿಷಯ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಕಾಳು ಬೇಯಿಸಲು ಹೊತ್ತು ಹಿಡಿಯುತ್ತದೆ. ಕುಕ್ಕರೇ ಸರಿ.

ಆರು ಜನಕ್ಕೆ ಏನೇನು ಬೇಕು

ಹೆಸರುಬೇಳೆ ಅರ್ಧ ಲೋಟ (100 ಗ್ರಾಂ), ಸಿಹಿಕುಂಬಳ 400 ಗ್ರಾಂ, ಕ್ಯಾರೆಟ್ 2, ಈರುಳ್ಳಿ 2, ಟೊಮೇಟೊ 3, ಬೆಳ್ಳುಳ್ಳಿ 6 ಎಸಳು, ಅರ್ಧ ಇಂಚು ಶುಂಠಿ, ತುಪ್ಪ ಎರಡು ಚಮಚ, ಮೆಣಸು ಮತ್ತು ಜೀರಿಗೆ ಒಂದೊಂದು ಚಮಚ, ಚಿಟಿಕೆ ಅರಿಶಿನ, ಉಪ್ಪು. ನೀರು ಒಟ್ಟು ಆರು ಲೋಟ, ಅಂದರೆ 1.2 ಲೀಟರ್. ಟೊಮೇಟೊ ನಾಟಿಯದಾದರೆ ಎರಡೇ ಸಾಕು, ಹುಳಿ ಜಾಸ್ತಿ ಇರುತ್ತದೆ. ಸಿಹಿಕುಂಬಳ ಮಕ್ಕಳಿಗೆ ಆಗುವುದಿಲ್ಲ ಅಂದರೆ ಸೀಮೆಬದನೆ ಹಾಕಿ. ಅದಕ್ಕೆ ತನ್ನದೇ ರುಚಿ ಅಂತ ಹೆಚ್ಚೇನೂ ಇಲ್ಲ, ಯಾರ ಜೊತೆಗೂ ಜಗಳವಾಡುವುದಿಲ್ಲ.

ಮಾಡುವುದು ಹೇಗೆ

1. ಬೇಳೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿಯಿರಿ. ಕೆಂಪಗಾಗುವುದು ಬೇಡ. ತೊಳೆದು, ಹೆಚ್ಚಿದ ಕುಂಬಳ, ಕ್ಯಾರೆಟ್, ಅರಿಶಿನ, ನಾಲ್ಕು ಲೋಟ ನೀರಿನ ಜೊತೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿ. ಟೊಮೇಟೊ ಇದರೊಳಗೆ ಹಾಕಬೇಡಿ. ಹುಳಿ ಸೇರಿದರೆ ಬೇಳೆ ಬೇಯಲು ತಡವಾಗುತ್ತದೆ. ನಮ್ಮಮ್ಮ ಹುಣಸೆ ರಸವನ್ನು ಬೇಳೆ ಬೆಂದ ಮೇಲೇ ಹಾಕುತ್ತಿದ್ದುದು ಇದಕ್ಕೇ. ಕಾರಣ ಕೇಳಿದರೆ ಮಾತ್ರ "ಹಾಗೇ ಹಾಕೋದು" ಅನ್ನುತ್ತಿದ್ದರು.

2. ಕುಕ್ಕರ್ ಕೂಗುತ್ತಿರುವಾಗ ಪಕ್ಕದ ಒಲೆಯಲ್ಲಿ ಈರುಳ್ಳಿ. ಸೂಪಿನ ರುಚಿ ಇರುವುದು ಇಲ್ಲೇ. ದಪ್ಪ ತಳದ ಬಾಣಲೆಗೆ ತುಪ್ಪ ಹಾಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು ಹಾಕಿ. ಉರಿ ಸಣ್ಣಗಿರಲಿ. ಉಪ್ಪಿಗೆ ಈರುಳ್ಳಿ ನೀರು ಬಿಡುತ್ತದೆ, ಐದು ನಿಮಿಷ ಬರೀ ಬೆವರುತ್ತಾ ಕೂತಿರುತ್ತದೆ. ಏನೂ ಆಗುತ್ತಿಲ್ಲ ಅನಿಸುತ್ತದೆ. ಉರಿ ಜಾಸ್ತಿ ಮಾಡಲು ಕೈ ಹೋಗುತ್ತದೆ, ತಡೆಯಿರಿ. ಆ ನೀರು ಆರಿದ ಮೇಲೆ ಶಬ್ದ ಬದಲಾಗುತ್ತದೆ. ಬುಳುಬುಳು ಅನ್ನುತ್ತಿದ್ದದ್ದು ಚಿಟಪಟ ಅನ್ನಲು ಶುರುವಾಗುತ್ತದೆ, ಅಂಚು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹತ್ತು ಹನ್ನೆರಡು ನಿಮಿಷದ ಕೆಲಸ. ಆಗ ಜಜ್ಜಿದ ಬೆಳ್ಳುಳ್ಳಿ, ಶುಂಠಿ ಹಾಕಿ ಒಂದು ನಿಮಿಷ ಕೈಯಾಡಿಸಿ, ಟೊಮೇಟೊ ಹಾಕಿ. ಟೊಮೇಟೊ ಕರಗಿ ತುಪ್ಪ ಬಿಟ್ಟುಕೊಳ್ಳುವವರೆಗೆ ಬಿಡಿ. ತಳ ಹಿಡಿದದ್ದನ್ನು ಅರ್ಧ ಲೋಟ ನೀರು ಹಾಕಿ ಉಜ್ಜಿ ಎತ್ತಿಕೊಳ್ಳಿ, ಅದನ್ನು ತೊಳೆದು ಚೆಲ್ಲಬೇಡಿ.

3. ಕುಕ್ಕರ್ ತಣಿದ ಮೇಲೆ ಬೆಂದ ತರಕಾರಿಯನ್ನು ಎರಡು ಸೌಟು ತೆಗೆದಿಟ್ಟುಕೊಳ್ಳಿ. ಇವು ರುಬ್ಬದೆ ಕೊನೆಗೆ ಹಾಕುವುದಕ್ಕೆ. ಪೂರ್ತಿ ನುಣ್ಣಗಾದ ಸೂಪ್ ನಾಲ್ಕು ಚಮಚಕ್ಕೇ ಬೇಜಾರು, ಹಲ್ಲಿಗೇನಾದರೂ ಸಿಗಬೇಕು.

4. ಉಳಿದದ್ದನ್ನು ಈರುಳ್ಳಿ ಟೊಮೇಟೊ ಜೊತೆ ರುಬ್ಬಿ. ಬಿಸಿಯಿದ್ದಾಗ ಮಾತ್ರ ಬೇಡ. ಮೊದಲ ಸಲ ನಾನು ಅವಸರದಲ್ಲಿ ಕುದಿಯುವ ಬೇಳೆಯನ್ನೇ ಮಿಕ್ಸಿ ಜಾರಿಗೆ ತುಂಬಿ ಗುಂಡಿ ತಿರುಗಿಸಿದೆ. ಒಳಗಿನ ಆವಿಗೆ ಮುಚ್ಚಳ ಹಾರಿ, ಸೂಪೆಲ್ಲ ಗೋಡೆಗೆ. ಕೈ ಸುಡಲಿಲ್ಲ, ಪುಣ್ಯ. ಎಗ್ಸಾಸ್ಟ್ ಫ್ಯಾನಿನ ಪಕ್ಕ ಒಂದು ಕಿತ್ತಳೆ ಕಲೆ ಇನ್ನೂ ಇದೆ. ಉಗುರು ಬೆಚ್ಚಗಾಗುವವರೆಗೆ ಕಾಯಿರಿ, ಅರ್ಧ ಜಾರ್ ಮಾತ್ರ ತುಂಬಿ. ಕಾಯಲು ಪುರುಸೊತ್ತಿಲ್ಲ ಅಂದರೆ ಮಿಕ್ಸಿಯ ಸಹವಾಸವೇ ಬೇಡ, ಕಡೆಗೋಲಿನಲ್ಲಿ ಮಸೆದುಬಿಡಿ. ಹೆಸರುಬೇಳೆ, ಕುಂಬಳ ಎರಡೂ ಅದಕ್ಕೆ ಬಗ್ಗುತ್ತವೆ.

5. ಮತ್ತೆ ಪಾತ್ರೆಗೆ ಹಾಕಿ, ಉಳಿದ ನೀರು ಸೇರಿಸಿ, ತೆಗೆದಿಟ್ಟ ತರಕಾರಿ ಹಾಕಿ ಒಂದು ಕುದಿ ಬರಿಸಿ. ಉಪ್ಪು ಈಗ ನೋಡಿ ಹಾಕಿ. ಹುರಿದು ಕುಟ್ಟಿದ ಮೆಣಸು, ಜೀರಿಗೆ ಕೊನೆಗೆ. ಒಲೆ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ.

ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಅಂತಾರೆ. ಅದು ತನ್ನೊಳಗೆ ಸೇರಿದ ನೀರಿನ ಜೊತೆಗಿದ್ದಷ್ಟು ಉಪ್ಪನ್ನು ಮಾತ್ರ ಹಿಡಿಯುತ್ತದೆ, ಉಪ್ಪನ್ನೇ ಆರಿಸಿ ಎಳೆದುಕೊಳ್ಳುವುದಿಲ್ಲ. ಇನ್ನೊಂದು ಹಿಡಿ ಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ ಸೇರಿಸಿ. ನೀರಾಯಿತು ಅನಿಸಿದರೆ ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ ಹಾಕಿ, ಐದು ನಿಮಿಷ ಕುದಿಸಿ. ಬಣ್ಣ ಸ್ವಲ್ಪ ಕಪ್ಪಾಗುತ್ತದೆ, ಅಷ್ಟೇ.

ಜೊತೆಗೆ ಅಯ್ಯಂಗಾರ್ ಬೇಕರಿ ಬ್ರೆಡ್ಡನ್ನು ಚೌಕ ಚೌಕ ಕತ್ತರಿಸಿ ತುಪ್ಪದಲ್ಲಿ ಹುರಿದರೆ ಮಕ್ಕಳು ತಕರಾರು ಮಾಡುವುದಿಲ್ಲ. ಅತ್ತೆ ಮಾತ್ರ ಮೊದಲ ದಿನ ಎರಡು ಚಮಚ ಕುಡಿದು, "ಚೆನ್ನಾಗಿದೆ ಕಣಮ್ಮ, ಒಂದು ಮುದ್ದೆ ತಿರುವು" ಅಂದರು. ತಿರುವಿದೆ. ಮುದ್ದೆಗೂ ಒಗ್ಗಿತು.

ಕಾಲಕ್ಕೆ ತಕ್ಕ ಸೂಪ್

ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯ ಸೊಗಡಿನ ಅವರೆಕಾಯಿ ಗಾಂಧಿ ಬಜಾರಿನಲ್ಲಿ ರಾಶಿ ಬಿದ್ದಿರುವಾಗ ಬೇರೆ ಸೂಪ್ ಮಾಡುವುದು ಪಾಪ. ಹಿತಕಿದ ಬೇಳೆ ಎರಡು ಲೋಟ, ಒಂದು ಆಲೂಗಡ್ಡೆ, ಶುಂಠಿ, ಒಂದು ಹಸಿಮೆಣಸಿನಕಾಯಿ. ಒಂದೇ ವಿಷಲ್ ಸಾಕು. ಅರ್ಧ ಮಾತ್ರ ರುಬ್ಬಿ, ಉಳಿದರ್ಧ ಹಾಗೇ ಇರಲಿ. ಟೊಮೇಟೊ, ಮಸಾಲೆ ಏನೂ ಬೇಡ, ಸೊಗಡು ಮುಚ್ಚಿಹೋಗುತ್ತದೆ. ಬೇಳೆ ಹಿತಕಲು ಮಾತ್ರ ಮನೆಮಂದಿಯನ್ನೆಲ್ಲ ಟೀವಿ ಮುಂದೆ ಕೂರಿಸಿಕೊಳ್ಳಿ.

ಹುರುಳಿಕಾಳಾದರೆ ರಾತ್ರಿ ನೆನೆಹಾಕಿ, ಏಳು ವಿಷಲ್. ಕಟ್ಟನ್ನು ಬಸಿದು ಬೆಳ್ಳುಳ್ಳಿ, ಮೆಣಸು, ಚೂರು ಹುಣಸೆ ಹಾಕಿ ಕುದಿಸಿದರೆ ಸೂಪ್, ಕಾಳು ಮರುದಿನದ ಪಲ್ಯಕ್ಕೆ. ಮಾಂಸ ತಿನ್ನುವವರ ಮನೆಯಲ್ಲಿ ಕಾಲ್ ಸೂಪಿಗೆ ಸಮ ಇನ್ನೊಂದಿಲ್ಲ. ಚೆನ್ನಾಗಿ ಸುಟ್ಟು ಕೆರೆದ ನಾಲ್ಕು ಕಾಲು, ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಫ್ರಿಜ್ಜಿನಲ್ಲಿ ಅದು ಜೆಲ್ಲಿಯ ಹಾಗೆ ಗಟ್ಟಿಯಾದರೆ ಗಾಬರಿ ಬೇಡ, ಮೂಳೆ ಚರ್ಮದ ಅಂಟು ನೀರಿಗೆ ಇಳಿದಿದೆ ಅಂತ ಅರ್ಥ.

ಹಂಚುವಾಗ, ಎತ್ತಿಡುವಾಗ

ಬೇಳೆ ಸೂಪನ್ನು ಎರಡು ಗಂಟೆಗಿಂತ ಹೊತ್ತು ಹೊರಗಿಡಬೇಡಿ. ತಡವಾಗಿ ಬರುವವರ ಪಾಲನ್ನು ಮೊದಲೇ ಅಗಲ ಪಾತ್ರೆಗೆ ಹಾಕಿ ಆರಿಸಿ, ಫ್ರಿಜ್ಜಿಗೆ ಸೇರಿಸಿ. ಮೂರು ದಿನ ಇರುತ್ತದೆ. ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಪೂರ್ತಿ ಪಾತ್ರೆಯನ್ನು ದಿನಾ ಬಿಸಿ ಮಾಡಿ ಮತ್ತೆ ಒಳಗಿಡುವುದು ಬೇಡ. ತಣ್ಣಗಾದಾಗ ಹಿಟ್ಟಿನಂತೆ ಗಟ್ಟಿಯಾಗಿರುತ್ತದೆ, ಬಿಸಿನೀರು ಹಾಕಿ ಸಡಿಲ ಮಾಡಿಕೊಳ್ಳಿ.

ಬಸ್ಸಲ್ಲೋ ಸ್ಕೂಟರಲ್ಲೋ ಅಮ್ಮನ ಮನೆಗೆ ಒಯ್ಯುವುದಾದರೆ ಡಬ್ಬಿಯಲ್ಲಿ ಒಂದು ಇಂಚು ಜಾಗ ಬಿಡಿ. ಕುದಿಯುತ್ತಿರುವಾಗಲೇ ತುಂಬಿ ಒತ್ತಿ ಮುಚ್ಚಿದರೆ ಆಮೇಲೆ ಮುಚ್ಚಳ ಬರುವುದೇ ಇಲ್ಲ. ಒಳಗಿನ ಆವಿ ತಣ್ಣಗಾಗಿ ನೀರಾದಾಗ ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಮಹಡಿ ಮೇಲಿನ ಮನೆಯ ಅಜ್ಜಿಗೆ ಹೀಗೇ ಒಂದು ಡಬ್ಬಿ ಕೊಟ್ಟು ಬಂದಿದ್ದೆ. ಪಾಪ, ಎರಡೂ ಕೈಯಲ್ಲಿ ತಿರುಚಿ ಸೋತು, ಕೆಳಗೆ ಇಳಿದು ಬಂದರು. ಬಿಸಿನೀರಿನ ಬೋಗುಣಿಯಲ್ಲಿ ಎರಡು ನಿಮಿಷ ಇಟ್ಟಿದ್ದೇ ಟಪ್ ಅಂತ ಬಿಟ್ಟುಕೊಂಡಿತು.

ಆ ಡಬ್ಬಿ ಮರುದಿನ ನಾಲ್ಕು ಕೋಡುಬಳೆ ತುಂಬಿಕೊಂಡು ವಾಪಸ್ ಬಂತು. ಖಾಲಿ ಡಬ್ಬಿ ಕೊಡಬಾರದಂತೆ. ಈಗ ಅದು ಮೇಲೆ ಕೆಳಗೆ ಓಡಾಡುತ್ತಲೇ ಇದೆ. ನಿನ್ನೆ ಅವರದು ಹೀರೇಕಾಯಿ ಸಿಪ್ಪೆ ಚಟ್ನಿ ಬಂದಿದೆ. ನಾಳೆ ನಮ್ಮ ಸರದಿ, ಹುರುಳಿಕಾಳು ನೆನೆಹಾಕಿದ್ದೇನೆ.