ಬೆನ್ನಿನ ಆಪರೇಷನ್: ನೋವಿಗಿಂತ ವಾಂತಿಯೇ ಕಾಡಿತು

ಆಪರೇಷನ್ ಹಿಂದಿನ ಸಂಜೆ ಅರಿವಳಿಕೆ ಡಾಕ್ಟರ್ ಬಂದು, "ಬಸ್ಸಲ್ಲಿ ವಾಂತಿ ಆಗತ್ತಾ?" ಅಂತ ಕೇಳಿದರು. ಬೆನ್ನಿಗೂ ಬಸ್ಸಿಗೂ ಏನು ಸಂಬಂಧ ಅಂದುಕೊಂಡು "ಇಲ್ಲ ಸಾರ್" ಅಂದುಬಿಟ್ಟೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯುವಾಗ ನಾನು ಕೈಯಲ್ಲಿ ಕವರ್ ಹಿಡಿದೇ ಕೂರುವವಳು. ಆ ಸುಳ್ಳಿಗೆ ಎರಡು ದಿನ ದಂಡ ತೆತ್ತೆ.

ನನ್ನದು ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ, ಐದನೇ ಮೂಳೆಗಳ ನಡುವಿನ ಮೆತ್ತೆ. ನರ ಒತ್ತುತ್ತಿದ್ದ ಚೂರನ್ನು ತೆಗೆದರು. ಎಚ್ಚರವಾದಾಗ ವರ್ಷದಿಂದ ಕಾಲಿಗೆ ಇಳಿಯುತ್ತಿದ್ದ ಸೆಳೆತ ಮಾಯ. ಹೊಲಿಗೆ ಜಾಗ ಮಾತ್ರ ಉರಿಯುತ್ತಿತ್ತು. ಅದಕ್ಕೆ ಟ್ರಮಡಾಲ್ ಅನ್ನೋ ನೋವಿನ ಔಷಧಿ ಕೊಟ್ಟರು. ಸ್ವಲ್ಪ ಹೊತ್ತಿಗೇ ಹೊಟ್ಟೆ ತೊಳಸತೊಡಗಿತು. ಒಂದು ಸಲ ವಾಂತಿಯಾದರೆ ಬೆನ್ನು ಪೂರ್ತಿ ಬಿಗಿದು, ಹೊಲಿಗೆ ಬಿಚ್ಚಿಯೇ ಹೋಯಿತೇನೋ ಅನ್ನಿಸುತ್ತಿತ್ತು. ಆ ನೋವಿಗೆ ಮತ್ತೆ ಟ್ರಮಡಾಲ್. ಅದಕ್ಕೆ ಮತ್ತೆ ವಾಂತಿ.

ಎರಡನೇ ರಾತ್ರಿ ಸಿಸ್ಟರ್ ಹತ್ತಿರ ನಿಜ ಹೇಳಿದೆ. "ಮೊದ್ಲೇ ಹೇಳ್ಬಾರ್ದಾ ಅಕ್ಕಾ?" ಅಂತ ನಕ್ಕರು. ಪ್ರಯಾಣದಲ್ಲಿ ವಾಂತಿ ಆಗುವವರಿಗೆ ಅರಿವಳಿಕೆ ಆದಮೇಲೂ ಜಾಸ್ತಿಯಂತೆ, ಅದರಲ್ಲೂ ಹೆಂಗಸರಿಗೆ. ಡಾಕ್ಟರನ್ನು ಕೇಳಿ ಟ್ರಮಡಾಲ್ ನಿಲ್ಲಿಸಿದರು. ಆರು ಗಂಟೆಗೊಮ್ಮೆ 1 ಗ್ರಾಂ ಪ್ಯಾರಾಸಿಟಮಾಲ್ ಡ್ರಿಪ್, ವಾಂತಿಗೆ 4 ಮಿಲಿಗ್ರಾಂ ಒಂಡಾನ್‌ಸೆಟ್ರಾನ್ ಶುರುವಾಯಿತು. ನೋವು ಬರಲಿ ಅಂತ ಕಾಯದೆ ಗಡಿಯಾರ ನೋಡಿ ತೆಗೆದುಕೊಳ್ಳಬೇಕು ಅಂದಿದ್ದರು. ನಾನು ಗಟ್ಟಿಗಿತ್ತಿ ಅಲ್ವಾ, ಒಂದು ಸಲ "ಈಗ ನೋವಿಲ್ಲ, ಬೇಡ" ಅಂದೆ. ಬೆಳಿಗ್ಗೆ ಮಗ್ಗುಲು ಬದಲಿಸಲೂ ಆಗಲಿಲ್ಲ.

ಮಗ್ಗುಲಾಗುವುದನ್ನೂ ಹೊಸದಾಗಿ ಕಲಿತೆ. ಮರದ ದಿಮ್ಮಿ ಉರುಳಿಸಿದ ಹಾಗೆ ಭುಜ, ಸೊಂಟ, ಮೊಣಕಾಲು ಎಲ್ಲ ಒಟ್ಟಿಗೆ ತಿರುಗಬೇಕು. ಎದ್ದ ಮೇಲೆ ತಲೆ ಸುತ್ತು ನಿಲ್ಲುವವರೆಗೆ ಮಂಚದ ಅಂಚಲ್ಲೇ ಸುಮ್ನೆ ಕೂತಿರುತ್ತಿದ್ದೆ. ಅವಸರ ಮಾಡಿದರೆ ಹೊಟ್ಟೆ ತಿರುಗುತ್ತಿತ್ತು. ಪಕ್ಕದ ಮಂಚದವರು ಸಾಂಬಾರ್ ಡಬ್ಬಿ ತೆರೆದರೂ ಅಷ್ಟೇ, ಆ ಒಗ್ಗರಣೆ ವಾಸನೆ ಸಾಕು. ಉಪ್ಪು ಹಾಕಿದ ತೆಳು ಗಂಜಿ, ಅದೂ ಆರಿದ್ದು, ಐದು ನಿಮಿಷಕ್ಕೆ ಎರಡು ಚಮಚದಂತೆ ಕುಡಿದೆ. ಉಳಿಯಿತು.

ಯಾರೂ ಹೇಳದೇ ಇದ್ದದ್ದು ಮಲಬದ್ಧತೆ. ಟ್ರಮಡಾಲ್ ಕೂಡ ಹೊಟ್ಟೆ ಕಟ್ಟುತ್ತದೆ, ವಾಂತಿಯ ಔಷಧಿಯೂ ಕಟ್ಟುತ್ತದೆ. ಮೂರನೇ ದಿನ ತಿಣುಕಿದಾಗ ಬೆನ್ನು ನಕ್ಷತ್ರ ತೋರಿಸಿತು. ಮೊದಲ ದಿನವೇ ಸಿರಪ್ ಕೇಳಬೇಕಿತ್ತು.

ಡಿಸ್ಚಾರ್ಜ್ ದಿನ ಡಾಕ್ಟರ್, "ಇನ್ನೇನಾದ್ರೂ ಹೇಳೋದಿದ್ಯಾ?" ಅಂದರು.

"ನಮ್ಮನೆ ಘಟ್ಟದ ಮೇಲೆ ಸಾರ್" ಅಂದೆ.