ಅತ್ತೆಯ ಹಳೇ ಟೇಪ್ ರೆಕಾರ್ಡರ್‌ಗೆ ದನಿ ಬಂದದ್ದು

ಮಡಿಕೇರಿಯ ಅತ್ತೆ ಮನೆಯ ಸ್ಟೋರ್ ರೂಮಿನಲ್ಲಿ ರೇಡಿಯೋ, ಟೇಪ್ ಎರಡೂ ಇರುವ ಹಳೆಯ ಟು-ಇನ್-ಒನ್ ಒಂದಿತ್ತು. ಜೊತೆಗೆ ಒಂದು ಕ್ಯಾಸೆಟ್. ಹುತ್ತರಿ ದಿನ ಮಾವ ದುಡಿ ಬಡಿದು ಹಾಡಿದ್ದು ಅದರಲ್ಲಿದೆ. "ಅವರ ದನಿ ಒಂದ್ಸಲ ಕೇಳ್ಬೇಕು, ಸರಿ ಮಾಡ್ತೀಯಾ ಮಗ?" ಎಂದರು ಅತ್ತೆ.

ಮೊದಲು ಆ ಕ್ಯಾಸೆಟ್‌ನ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲು ಮುರಿದು ಎತ್ತಿಟ್ಟೆ. ಹಾಗೆ ಮಾಡಿದರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ, ಹಾಡು ಅಳಿಸಿಹೋಗುವ ಭಯವಿಲ್ಲ. ಪರೀಕ್ಷೆಗೆ ಬೇರೊಂದು ಕ್ಯಾಸೆಟ್ ಹಾಕಿದೆ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ವಾಲ್ಯೂಮ್ ತಿರುಗಿಸಿದರೆ ಕರಕರ. ರೇಡಿಯೋಗೆ ಬದಲಿಸಿದೆ. ಆಕಾಶವಾಣಿ ಜೋರಾಗಿಯೇ ಬಂತು, ಆದರೆ ವಾಲ್ಯೂಮ್ ಮುಟ್ಟಿದರೆ ಅದೇ ಕರಕರ. ಅಂದರೆ ಸ್ಪೀಕರ್, ಆಂಪ್ಲಿಫೈಯರ್ ಸರಿಯಿವೆ. ಕರಕರ ವಾಲ್ಯೂಮ್ ಕಂಟ್ರೋಲ್‌ನದು, ದನಿ ಕಡಿಮೆಯಾಗಿದ್ದು ಟೇಪ್ ಕಡೆಯದು.

ಟೇಪ್‌ಗೆ ತಾಗಿ ದನಿ ಓದುವ ಭಾಗ, ಅಂದರೆ ಹೆಡ್ ಮೇಲೆ ಕಂದು ಪುಡಿ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಪ್ಲಗ್ ಕಿತ್ತು, ವಾಲ್ಯೂಮ್ ಕಂಟ್ರೋಲ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಮೂವತ್ತು ಸಲ ತಿರುಗಿಸಿದೆ. ಒಣಗಿದ ಮೇಲೆ ಕರಕರ ನಿಂತಿತು.

ಆದರೂ ಟೇಪ್ ದನಿ ಒಮ್ಮೆ ಬರುವುದು, ಒಮ್ಮೆ ಕುಗ್ಗುವುದು. ಹಿಂಬದಿ ಬಿಚ್ಚಿಟ್ಟು, ಬೋರ್ಡ್ ಮೇಲಿನ ಉದ್ದನೆಯ ಸ್ವಿಚ್ಚನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಅಲುಗಿಸಿದೆ. ದನಿ ಥಟ್ಟನೆ ಏರಿತು! ಪ್ಲೇ, ರೆಕಾರ್ಡ್ ಎರಡಕ್ಕೂ ದಾರಿ ಬದಲಿಸುವ ಸ್ವಿಚ್ ಅದು. ನಮ್ಮ ಕೊಡಗಿನ ಮಳೆಗಾಲದ ತೇವಕ್ಕೆ ಅದರೊಳಗಿನ ಲೋಹದ ಕಾಂಟ್ಯಾಕ್ಟ್‌ಗಳು ಕಪ್ಪಾಗಿಬಿಡುತ್ತವೆ. ಹೆಡ್‌ನಿಂದ ಬರುವ ಸಿಗ್ನಲ್ ಒಂದು ಮಿಲಿವೋಲ್ಟ್ ಕೂಡ ಇರುವುದಿಲ್ಲ. ತೆಳ್ಳನೆಯ ಕಪ್ಪು ಪದರವೇ ಅದನ್ನು ತಡೆಯಲು ಸಾಕು. ಹೆಡ್ ಹೋಗಿದೆ, ಐಸಿ (ಬೋರ್ಡ್ ಮೇಲಿನ ಚಿಪ್) ಹೋಗಿದೆ ಅಂತ ಸುಮ್ನೆ ಬದಲಾಯಿಸುವ ಮೊದಲು ಈ ಸ್ವಿಚ್ ನೋಡಲೇಬೇಕು. ಮತ್ತೆ ಪ್ಲಗ್ ಕಿತ್ತು, ಅದರೊಳಗೆ ಕ್ಲೀನರ್ ಬಿಟ್ಟು, ಹಿಂದೆ ಮುಂದೆ ಹತ್ತಾರು ಸಲ ಸರಿಸಿದೆ.

ಹೆಡ್ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಮಾತ್ರ ಮುಟ್ಟಲಿಲ್ಲ. ಹೆಡ್‌ನ ಓರೆ ಹೊಂದಿಸುವುದು ಅದು. ಮಾವ ಇದೇ ಸೆಟ್‌ನಲ್ಲಿ ರೆಕಾರ್ಡ್ ಮಾಡಿದ್ದಲ್ವಾ? ಅದೇ ಓರೆಯಲ್ಲಿ ಓದಿದರೇ ಹಾಡು ಸ್ಪಷ್ಟವಾಗಿ ಕೇಳುವುದು.

ಕೊನೆಗೆ ಮಾವನ ಕ್ಯಾಸೆಟ್ ಹಾಕಿದೆ. ಮೊದಲು ದುಡಿ, ಆಮೇಲೆ ಮಾವ. ಅತ್ತೆ ಒಲೆ ಆರಿಸಿ ಬಂದು ಕೂತರು. ಇಯರ್‌ಫೋನ್ ಜಾಕ್‌ನಿಂದ ಲ್ಯಾಪ್‌ಟಾಪ್‌ಗೂ ಒಂದು ಪ್ರತಿ ತೆಗೆದಿಟ್ಟೆ. ಸೆಟ್ ಈಗ ನಡುಮನೆಯಲ್ಲಿದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಓಡಿಸಿ, ವಾಲ್ಯೂಮ್ ಅತ್ತಿತ್ತ ತಿರುಗಿಸಲು ಅತ್ತೆಗೆ ಹೇಳಿದ್ದೇನೆ.